ಕಡಲು ಬಿಟ್ಟಷ್ಟೇ ದಾರಿ

ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮ ದಡದಲ್ಲಿ, ಕಾಡಿನಿಂದ ಕಡಲಿಗೆ ಇಳಿಯುವ ಜಾಗಗಳಲ್ಲಿ ಮರಗಳಿಗೆ ತೇಲುಗುಂಡುಗಳನ್ನು ಕಟ್ಟಿರುತ್ತಾರೆ. ಯಾವುದೋ ಬಲೆಯಿಂದ ಕಳಚಿಕೊಂಡು, ಎಲ್ಲೆಲ್ಲೋ ತೇಲಿ, ಕೊನೆಗೆ ಈ ದಡಕ್ಕೆ ಬಂದು ಬಿದ್ದಂಥವು. ಕಿತ್ತಳೆ, ಬಿಳಿ, ನೀಲಿ. ಮರಳಿನ ಮೇಲೆ ನಡೆಯುವವರು ಅವನ್ನು ದೂರದಿಂದಲೇ ನೋಡಿ, ಇಲ್ಲಿ ಕಾಡಿಗೆ ಹತ್ತೋಕೆ ದಾರಿ ಇದೆ ಅಂತ ತಿಳಿದುಕೊಳ್ಳಬೇಕು. ಮೊದಲ ದಿನ ನನಗೆ ಅದು ಯಾರೋ ಪ್ರೀತಿಯಿಂದ ಮಾಡಿದ ಅಲಂಕಾರದ ಹಾಗೆ ಕಂಡಿತ್ತು. ಫೋಟೊ ತೆಗೆದುಕೊಂಡೆ. ಏಳನೇ ದಿನ ಮಧ್ಯಾಹ್ನ ಅಂಥದ್ದೇ ಒಂದು ತೇಲುಗುಂಡನ್ನು ಹುಡುಕುತ್ತಾ, ಎದೆ ಡವಡವ ಅನ್ನುತ್ತಾ, ಬಂಡೆಗಳ ಮೇಲೆ ವಾಪಸ್ ನಡೆಯುತ್ತಿದ್ದೆ.

ಆ ಎರಡು ದಿನಗಳ ನಡುವೆ ಏನಾಯಿತು ಅನ್ನುವುದೇ ಈ ಬರಹ.

ದಾರಿಯ ಹೆಸರು ವೆಸ್ಟ್ ಕೋಸ್ಟ್ ಟ್ರೈಲ್. ಉದ್ದ 75 ಕಿಲೋಮೀಟರ್. ಉತ್ತರದಲ್ಲಿ ಬ್ಯಾಮ್‌ಫೀಲ್ಡ್ ಹತ್ತಿರದ ಪಚೀನಾ ಕೊಲ್ಲಿಯಿಂದ ದಕ್ಷಿಣದಲ್ಲಿ ಪೋರ್ಟ್ ರೆನ್‌ಫ್ರೂ ಪಕ್ಕದ ಗಾರ್ಡನ್ ನದಿಯವರೆಗೆ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಾಡು. ಮೇ 1ರಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ತೆರೆದಿರುತ್ತದೆ. ಮುಂಗಡ ಹೆಸರು ಬರೆಸಬೇಕು, ಹೊರಡುವ ಮುಂಚೆ ಅಲ್ಲಿನವರು ಹೇಳುವ ಸುರಕ್ಷತೆಯ ಮಾತನ್ನು ಕೂತು ಕೇಳಲೇಬೇಕು. ನಾನು ಮತ್ತು ನನ್ನ ಗೆಳತಿ ಜುಲೈನಲ್ಲಿ ಹೋದೆವು. ಎಂಟು ದಿನದ ಅನ್ನ, ಟೆಂಟು, ಹಗ್ಗ, ಮಳೆ ಅಂಗಿ ಎಲ್ಲ ಬೆನ್ನ ಮೇಲೆ.

ಸುರಕ್ಷತೆಯ ಮಾತಿನಲ್ಲಿ ಕರಡಿ, ತೋಳ, ಕೂಗರ್ ಅನ್ನುವ ದೊಡ್ಡ ಕಾಡುಬೆಕ್ಕಿನ ಬಗ್ಗೆ ಹೇಳಿದರು. ಆಹಾರ, ಟೂತ್‌ಪೇಸ್ಟ್, ವಾಸನೆ ಬರುವ ಏನೇ ಇದ್ದರೂ ರಾತ್ರಿ ಕಬ್ಬಿಣದ ಪೆಟ್ಟಿಗೆಯಲ್ಲಿಡಿ ಅಂದರು. ಇದೆಲ್ಲ ನಮಗೆ ಗೊತ್ತಿತ್ತು. ಆದರೆ ಅವರು ಜಾಸ್ತಿ ಹೊತ್ತು ಮಾತಾಡಿದ್ದು ಪ್ರಾಣಿಗಳ ಬಗ್ಗೆ ಅಲ್ಲ. ಕೈಗೆ ಒಂದು ಕಾಗದ ಕೊಟ್ಟರು. ಉಬ್ಬರ ಇಳಿತದ ಪಟ್ಟಿ. ಈ ದಡದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಒಂದೇ ಮಟ್ಟದ್ದಲ್ಲ. ಒಂದು ಇಳಿತದಲ್ಲಿ ಕಡಲು ತುಂಬಾ ಹಿಂದೆ ಸರಿಯುತ್ತದೆ, ಇನ್ನೊಂದರಲ್ಲಿ ಸ್ವಲ್ಪವೇ. ಚಂದ್ರ ದಿನದಿನವೂ ತಡವಾಗಿ ಹುಟ್ಟುವ ಹಾಗೆ ಇವೂ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತವೆ. ಪಟ್ಟಿಯಲ್ಲಿದ್ದ ಸಮಯಕ್ಕೆ ಒಂದು ಗಂಟೆ ಕೂಡಿಸಿಕೊಳ್ಳಿ, ಬೇಸಿಗೆಯಲ್ಲಿ ಇಲ್ಲಿನ ಗಡಿಯಾರ ಒಂದು ಗಂಟೆ ಮುಂದಿರುತ್ತದೆ ಅಂತ ಎರಡು ಸಲ ಹೇಳಿದರು. ಗೆಳತಿ ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎದೆಯ ಜೇಬಿಗೆ ಇಟ್ಟುಕೊಂಡಳು.

ಪಚೀನಾ ಕೊಲ್ಲಿಯಲ್ಲಿ ಮರಳು ಮೆತ್ತಗೆ, ಅಲೆ ಸಣ್ಣದು. ನೋಡಿದರೆ ಇಷ್ಟು ಶಾಂತವಾದ ಜಾಗ ಇನ್ನೊಂದಿಲ್ಲ ಅನ್ನಿಸುತ್ತದೆ. ಆದರೆ 1700ರ ಜನವರಿ 26ರ ರಾತ್ರಿ ಇಲ್ಲಿ ಭೂಮಿ ನಡುಗಿತು. ಆಮೇಲೆ ಕಡಲು ಬಂತು. ಕೊಲ್ಲಿಯ ದಡದಲ್ಲಿದ್ದ ಊರು ಪೂರ್ತಿ ಹೋಯಿತು, ಎತ್ತರದಲ್ಲಿದ್ದವರು ಮಾತ್ರ ಉಳಿದರು ಅಂತ ಈ ನೆಲದ ಹೂ-ಅಯ್-ಅಟ್ ಜನ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿದ್ದಾರೆ. ಬರೆದಿಟ್ಟ ದಾಖಲೆ ಇಲ್ಲಿ ಇರಲಿಲ್ಲ. ಅದೇ ಅಲೆ ಸಾಗರ ದಾಟಿ ಜಪಾನಿನ ದಡಕ್ಕೆ ಬಡಿದಾಗ ಅಲ್ಲಿಯವರು ಬರೆದಿಟ್ಟುಕೊಂಡರು. ತಾವು ನೆಲ ನಡುಗಿದ್ದನ್ನೇ ಕಾಣಲಿಲ್ಲ, ಅಲೆ ಮಾತ್ರ ಎಲ್ಲಿಂದ ಬಂತು ಅಂತ ಅವರಿಗೆ ಆಶ್ಚರ್ಯ. ಸುಮಾರು ಮುನ್ನೂರು ವರ್ಷ ಆದಮೇಲೆ ವಿಜ್ಞಾನಿಗಳು ಎರಡನ್ನೂ ಜೋಡಿಸಿ ನೋಡಿದಾಗ ದಿನಾಂಕ ಸಿಕ್ಕಿತು. ಅಜ್ಜ ಅಜ್ಜಿಯರು ಹೇಳಿದ್ದು ನಿಜವೇ ಆಗಿತ್ತು. ಕೊಲ್ಲಿಯ ಬಳಿ ಸುನಾಮಿ ಬಂದರೆ ಯಾವ ಕಡೆ ಓಡಬೇಕು ಅನ್ನುವ ಫಲಕ ಇದೆ. ನಾನು ಅದರ ಕೆಳಗೆ ನಿಂತು ಶೂ ಲೇಸ್ ಕಟ್ಟಿಕೊಂಡೆ.

ಮೊದಲ ಹನ್ನೆರಡು ಕಿಲೋಮೀಟರ್ ಸಲೀಸು. ಅಗಲವಾದ ಕಾಡುದಾರಿ. ನಡುವೆ ಪಚೀನಾ ಪಾಯಿಂಟ್ ದೀಪಸ್ತಂಭ. ಇಷ್ಟೇ ಆದರೆ ಇದನ್ನು ಕಷ್ಟದ ದಾರಿ ಅಂತ ಯಾಕೆ ಅನ್ನುತ್ತಾರೆ ಅಂದುಕೊಂಡೆವು. ಎರಡನೇ ದಿನ ಡಾರ್ಲಿಂಗ್ ನದಿ ದಾಟಿ ಮುಂದೆ ಹೋದ ಮೇಲೆ, ಸುಮಾರು ಹದಿನೆಂಟನೇ ಕಿಲೋಮೀಟರಿನ ಹತ್ತಿರ ಕಾಡಿನಿಂದ ಕಡಲು ಕಾಣುವ ಒಂದು ಜಾಗ ಬಂತು. ಕೆಳಗೆ ಕಡಿದಾದ ಬಂಡೆ. ಅದರ ಬುಡಕ್ಕೆ ಬಿಳಿ ನೊರೆ. ಈ ದಾರಿ ಯಾಕಿದೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

1906ರ ಜನವರಿ 22. ವೆಲೆನ್ಸಿಯಾ ಅನ್ನುವ ಹಡಗು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ವಿಕ್ಟೋರಿಯಾ, ಸಿಯಾಟಲ್ ಕಡೆಗೆ ಬರುತ್ತಿತ್ತು. ಮಂಜು, ಗಾಳಿ. ನಕ್ಷತ್ರ ಕಾಣದು, ದಡ ಕಾಣದು. ಎಷ್ಟು ದೂರ ಬಂದೆವು ಅನ್ನುವುದನ್ನು ಲೆಕ್ಕ ಹಾಕಿಯೇ ನಡೆಸುತ್ತಿದ್ದರು. ನೀರಿನ ಸೆಳೆತ ಅವರ ಲೆಕ್ಕಕ್ಕಿಂತ ಜೋರಾಗಿತ್ತು. ತಿರುಗಬೇಕಿದ್ದ ಜಲಸಂಧಿಯ ಬಾಯನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದರು. ನಡುರಾತ್ರಿಯ ಹೊತ್ತಿಗೆ ಹಡಗು ಇಲ್ಲಿಯ ಬಂಡೆಗೆ ಬಡಿಯಿತು.

ದಡ ಅಲ್ಲೇ ಇತ್ತು. ನಿಂತು ಕೂಗಿದರೆ ಕೇಳುವಷ್ಟು ಹತ್ತಿರ. ಆ ರಾತ್ರಿ ಇಳಿಸಿದ ದೋಣಿಗಳು ಅಲೆಗೆ ಸಿಕ್ಕಿ ಮಗುಚಿದವು. ಹೇಗೋ ಒಂಬತ್ತು ಜನ ದಡಕ್ಕೆ ಬಿದ್ದು, ಬಂಡೆ ಹತ್ತಿ ಮೇಲೆ ಬಂದರು. ಮೇಲೆ ಮರದಿಂದ ಮರಕ್ಕೆ ಕಟ್ಟಿದ್ದ ಒಂದು ಟೆಲಿಗ್ರಾಫ್ ತಂತಿ ಕಂಡಿತು. ದಾರಿ ಇರಲಿಲ್ಲ, ತಂತಿ ಇತ್ತು. ಅದನ್ನೇ ಹಿಡಿದು ನಡೆದು ಡಾರ್ಲಿಂಗ್ ನದಿಯ ಹತ್ತಿರ ತಂತಿ ಕಾಯುವವರ ಗುಡಿಸಲು ಸೇರಿ, ಅಲ್ಲಿಂದ ಕೇಪ್ ಬೀಲ್ ದೀಪಸ್ತಂಭಕ್ಕೆ ಸುದ್ದಿ ಮುಟ್ಟಿಸಿದರು.

ಇತ್ತ ಹಡಗಿನಲ್ಲಿದ್ದವರು ಚಿಕ್ಕ ಫಿರಂಗಿಯಿಂದ ದಡಕ್ಕೆ ಹಗ್ಗ ಹಾರಿಸಿದರು. ಬಂಡೆಯ ಮೇಲೆ ಯಾರಾದರೂ ಇದ್ದು ಅದನ್ನು ಹಿಡಿದು ಮರಕ್ಕೆ ಕಟ್ಟಿದರೆ ಒಬ್ಬೊಬ್ಬರನ್ನಾಗಿ ದಾಟಿಸಬಹುದಿತ್ತು. ಹಗ್ಗ ಬಂಡೆಯ ಮೇಲೆ ಬಂದು ಬಿತ್ತು. ಹಿಡಿಯೋಕೆ ಯಾರೂ ಇರಲಿಲ್ಲ. ನೆರವಿಗೆ ಬಂದ ಹಡಗುಗಳು ಅಲೆಗೆ ಹೆದರಿ ಹತ್ತಿರ ಬರಲಾಗಲಿಲ್ಲ. ಕಾಡಿನಲ್ಲಿ ದಾರಿ ಮಾಡಿಕೊಂಡು ಕೆಲವರು ಬಂಡೆಯ ತುದಿಗೆ ಬಂದು ಸೇರುವ ಹೊತ್ತಿಗೆ ಒಂದೂವರೆ ದಿನ ಕಳೆದಿತ್ತು. ಅವರ ಕಣ್ಣೆದುರೇ ಹಡಗು ಒಡೆದು ಹೋಯಿತು. ನೂರಕ್ಕೂ ಜಾಸ್ತಿ ಜನ ಸತ್ತರು. ಬದುಕಿದ್ದು 37 ಗಂಡಸರು. ಒಬ್ಬ ಹೆಂಗಸಾಗಲಿ, ಒಂದು ಮಗುವಾಗಲಿ ಉಳಿಯಲಿಲ್ಲ.

ನಾನು ಇದನ್ನು ಮೊದಲೇ ಓದಿದ್ದೆ. ಆದರೆ ಆ ಜಾಗದಲ್ಲಿ ನಿಂತಾಗ ನನಗೆ ಅರಗಿಸಿಕೊಳ್ಳಲಾಗದೆ ಉಳಿದದ್ದು ಆ ಹಗ್ಗ. ತಲುಪಬೇಕಾದಲ್ಲಿಗೆ ತಲುಪಿಯೂ ಸುಮ್ಮನೆ ಬಿದ್ದಿದ್ದ ಹಗ್ಗ.

ಗೆಳತಿ ದಾರಿಯ ಪಕ್ಕದ ಪೊದೆಯೊಳಗೆ ಕೈ ಹಾಕಿ ನೋಡುತ್ತಿದ್ದಳು. ಸಲಾಲ್ ಅನ್ನುವ ಗಿಡ. ತಲೆಗಿಂತ ಎತ್ತರ ಬೆಳೆದಿರುತ್ತದೆ. ಕೊಂಬೆ ಕೊಂಬೆ ಹೆಣೆದುಕೊಂಡು ಗೋಡೆಯ ಹಾಗೆ. ಅವಳ ಕೈ ಮೊಣಕೈವರೆಗೂ ಹೋಗಲಿಲ್ಲ.

"ಇದರಲ್ಲಿ ಹೇಗೆ ಬಂದ್ರೇ ಅವರು, ಜನವರಿ ಚಳಿಯಲ್ಲಿ?" ಅಂದಳು.

ನಾನೇನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಕೂತು ಹೊರಟೆವು.

ಆ ದುರಂತ ಆದಮೇಲೆ ಸರ್ಕಾರ ಎಚ್ಚೆತ್ತು ಪಚೀನಾ ಪಾಯಿಂಟ್ ದೀಪಸ್ತಂಭ ಕಟ್ಟಿಸಿತು. ಟೆಲಿಗ್ರಾಫ್ ತಂತಿಯ ಜಾಡು ಹಿಡಿದು ಕಾಡು ಕಡಿದು ದಾರಿ ಮಾಡಿಸಿತು. ಅಲ್ಲಲ್ಲಿ ಗುಡಿಸಲು, ಅದರಲ್ಲಿ ಟೆಲಿಫೋನ್, ಕಂಬಳಿ, ಊಟದ ಸಾಮಾನು. ಹಡಗು ಒಡೆದು ದಡಕ್ಕೆ ಬಿದ್ದವರು ನಡೆದು ಬದುಕಲಿ, ನೆರವಿಗೆ ಹೋಗುವವರು ಬೇಗ ಹೋಗಲಿ ಅಂತ. ಜೀವ ಉಳಿಸುವ ದಾರಿ ಅಂತಲೇ ಅದರ ಹೆಸರಾಗಿತ್ತು. ಅದಕ್ಕೂ ಮುಂಚೆ ಹೂ-ಅಯ್-ಅಟ್, ಡಿಟಿಡಾಟ್, ಪಚೀಡಾಟ್ ಜನ ಇಲ್ಲಿ ನಡೆದಾಡುತ್ತಿದ್ದರು, ದೋಣಿ ನಡೆಸುತ್ತಿದ್ದರು. ಇದು ಅವರ ನೆಲ, ಈಗಲೂ ದಾರಿ ನೋಡಿಕೊಳ್ಳುವವರಲ್ಲಿ ಅವರಿದ್ದಾರೆ. ಬೆನ್ನಿಗೆ ಹೊರೆ ಹಾಕಿಕೊಂಡು ಖುಷಿಗಾಗಿ ನಡೆಯೋಕೆ ಬರುವ ನಮ್ಮಂಥವರು ತೀರಾ ಈಚೆಗೆ ಬಂದವರು.

ವೆಲೆನ್ಸಿಯಾದ ಒಂದು ಜೀವರಕ್ಷಕ ದೋಣಿ, ಐದನೇ ನಂಬರಿನದು, 1933ರಲ್ಲಿ ಬಾರ್ಕ್ಲಿ ಸೌಂಡ್ ಅನ್ನುವ ಕೊಲ್ಲಿಯಲ್ಲಿ ತೇಲುತ್ತಾ ಸಿಕ್ಕಿತಂತೆ. 27 ವರ್ಷ ಆಗಿತ್ತು. ಬಣ್ಣ ಕೂಡ ಉಳಿದಿತ್ತು ಅನ್ನುತ್ತಾರೆ. ಅದನ್ನು ನೆನೆದುಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ.

ಎರಡನೇ ದಿನ ಸಂಜೆ ಸುಸಿಯಟ್ ಜಲಪಾತ. ಹೊಳೆಗೆ ಕಡಲು ಸೇರುವ ಮುಂಚೆ ಇನ್ನೂ ಒಂದು ಹಾರು ಬಾಕಿ ಇತ್ತೇನೋ ಅನ್ನುವ ಹಾಗೆ, ಬಂಡೆಯಿಂದ ನೇರ ಮರಳಿನ ಮೇಲೆ ಬೀಳುತ್ತದೆ. ಅದರ ಕೆಳಗೆ ತಲೆ ಕೊಟ್ಟು ನಿಂತೆವು. ನಿಟಿನಾಟ್ ಕಾಲುವೆಯನ್ನು ನಡೆದು ದಾಟುವ ಹಾಗಿಲ್ಲ, ನೀರಿನ ಸೆಳೆತ ಅಂಥದ್ದು. ಡಿಟಿಡಾಟ್ ಕುಟುಂಬದವರು ದೋಣಿಯಲ್ಲಿ ದಾಟಿಸುತ್ತಾರೆ. ಅಲ್ಲೇ ಏಡಿ ಬೇಯಿಸಿ ಕೊಡುತ್ತಾರೆ, ಜೊತೆಗೆ ಆಲೂಗಡ್ಡೆ. ಮೂರು ದಿನ ಒಣ ಅನ್ನ ನೆನೆಸಿ ತಿಂದ ಬಾಯಿಗೆ ಬಿಸಿ ಆಲೂಗಡ್ಡೆ ಎಷ್ಟು ರುಚಿ ಅಂತ ಬರೆಯೋಕೆ ಬರುವುದಿಲ್ಲ. ಕ್ರಿಬ್ಸ್ ಹತ್ತಿರ ಒಂದು ಬೆಳಗ್ಗೆ ಬೂದು ತಿಮಿಂಗಿಲ ಕಂಡಿತು. ದಡಕ್ಕೆ ತೀರಾ ಹತ್ತಿರ, ಕಡಲ ಪಾಚಿಯ ಹಾಸಿನ ಆಚೆ, ಉಸಿರು ಬಿಟ್ಟ ಸದ್ದು ನಮ್ಮ ಟೆಂಟಿನವರೆಗೂ ಕೇಳಿತು.

ಕಾರ್ಮಾನಾ ದಾಟಿದ ಮೇಲೆ ದಾರಿಯ ಗುಣವೇ ಬದಲಾಗುತ್ತದೆ. ವಾಲ್ಬ್ರನ್ ಆಚೆ ಕಡಲ ಕಡೆಯಿಂದ ಹೋಗೋಕೆ ಆಗುವುದಿಲ್ಲ. ಬಂಡೆಯನ್ನು ಸೀಳಿಕೊಂಡು ನೀರು ಒಳನುಗ್ಗುವ ಇಕ್ಕಟ್ಟಿನ ಕಾಲುವೆಗಳಿವೆ. ಹಾಗಾಗಿ ಕಾಡು. ಕಾಡು ಅಂದರೆ ಕೆಸರು. ಹಲಗೆ ಹಾಸಿದ ದಾರಿ ಅರ್ಧ ಮುರಿದಿರುತ್ತದೆ, ಇನ್ನರ್ಧ ಪಾಚಿಗಟ್ಟಿ ಜಾರುತ್ತದೆ. ಪ್ರತಿ ಹೊಳೆಯೂ ಆಳವಾದ ಕಮರಿಯಲ್ಲಿ ಹರಿಯುತ್ತದೆ. ಇಳಿಯೋಕೆ ಏಣಿ, ಹತ್ತೋಕೆ ಏಣಿ. ಮರದ ಏಣಿ, ಒಂದರ ಕೆಳಗೆ ಒಂದು, ಅದರ ಕೆಳಗೆ ಇನ್ನೊಂದು. ಕಲೈಟ್ ಹೊಳೆಯ ಹತ್ತಿರ ನಾನು ಎಣಿಸುವುದನ್ನು ಬಿಟ್ಟೆ. ಮಳೆಯಲ್ಲಿ ಒದ್ದೆಯಾದ ಮೆಟ್ಟಿಲು, ಬೆನ್ನಿನ ಹೊರೆ ಹಿಂದಕ್ಕೆ ಎಳೆಯುತ್ತದೆ, ಕೆಳಗೆ ನೋಡಿದರೆ ತಲೆ ತಿರುಗುತ್ತದೆ. ಕೆಲವು ಹೊಳೆಗಳಿಗೆ ತಂತಿಗೆ ನೇತುಹಾಕಿದ ಲೋಹದ ತೊಟ್ಟಿಲು. ಅದರಲ್ಲಿ ಇಬ್ಬರು ಕೂತು, ಹಗ್ಗ ಜಗ್ಗಿಕೊಂಡು ದಾಟಬೇಕು. ಅರ್ಧ ದೂರ ತಾನಾಗಿಯೇ ಜಾರುತ್ತದೆ. ಉಳಿದರ್ಧ ತೋಳಿನ ಬಲ.

ಒಂದು ದಿನಕ್ಕೆ ಒಂಬತ್ತು ಕಿಲೋಮೀಟರ್ ನಡೆದರೆ ದೊಡ್ಡದು. ಕೆಲವೊಮ್ಮೆ ಒಂದು ಕಿಲೋಮೀಟರಿಗೆ ಒಂದು ಗಂಟೆಗೂ ಜಾಸ್ತಿ. ಈ ಏಣಿಗಳನ್ನು ನಾನು ಆ ಎರಡು ದಿನ ಬಾಯ್ತುಂಬಾ ಬೈದೆ. ಗೆಳತಿಯ ಮೊಣಕಾಲು ಊದಿಕೊಂಡಿತ್ತು. ಅವಳು ಏನೂ ಹೇಳಲಿಲ್ಲ. ಪ್ರತಿ ಏಣಿಯ ಬುಡದಲ್ಲಿ ಒಂದು ನಿಮಿಷ ನಿಂತು, ಮರ ಮುಟ್ಟಿ, ಮತ್ತೆ ಹತ್ತುತ್ತಿದ್ದಳು.

ಆ ಕಾಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸಿಟ್ಕಾ ಸ್ಪ್ರೂಸ್, ಸೀಡರ್, ಹೆಮ್ಲಾಕ್. ಬಿದ್ದ ಮರ ಅಲ್ಲಿ ಸತ್ತ ಮರ ಅಲ್ಲ. ನೆಲದಲ್ಲಿ ಬೆಳಕಿಲ್ಲ, ಜಾಗ ಇಲ್ಲ. ಹಾಗಾಗಿ ಬೀಜಗಳು ಬಿದ್ದ ಮರದ ಬೆನ್ನ ಮೇಲೇ ಮೊಳೆಯುತ್ತವೆ. ಬೇರುಗಳು ದಿಮ್ಮಿಯ ಎರಡೂ ಕಡೆಯಿಂದ ನೆಲಕ್ಕೆ ಇಳಿಯುತ್ತವೆ. ನೂರಾರು ವರ್ಷದಲ್ಲಿ ದಿಮ್ಮಿ ಕರಗಿ ಹೋಗುತ್ತದೆ. ಮೇಲಿನ ಮರ ಮಾತ್ರ ಬೇರಿನ ಕಾಲುಗಳ ಮೇಲೆ, ನಡುವೆ ಖಾಲಿ ಬಿಟ್ಟುಕೊಂಡು, ಹಾಗೇ ನಿಂತಿರುತ್ತದೆ. ಒಂದು ಕಡೆ ಸಾಲಾಗಿ ಐದು ಮರ ಹಾಗೆ ನಿಂತಿದ್ದವು. ಮಳೆ ಜೋರಾದಾಗ ಆ ಬೇರುಗಳ ನಡುವಿನ ಖಾಲಿಯಲ್ಲಿ ಕೂತು ನಾವು ಊಟ ಮಾಡಿದೆವು.

ಏಳನೇ ದಿನ. ಕ್ಯಾಂಪರ್ ಕೊಲ್ಲಿಯಿಂದ ಥ್ರಾಶರ್ ಕೊಲ್ಲಿಗೆ ಎಂಟು ಕಿಲೋಮೀಟರ್. ನಡುವೆ ಓವನ್ ಪಾಯಿಂಟ್. ಕಡಲು ಕೊರೆದು ಮಾಡಿದ ಗುಹೆಗಳು, ಒಳಗೆ ಬಣ್ಣ ಬಣ್ಣದ ಬಂಡೆ. ಈ ದಾರಿಗೆ ಬರುವವರೆಲ್ಲ ನೋಡಬೇಕು ಅಂದುಕೊಳ್ಳುವ ಜಾಗ. ಆದರೆ ಉಬ್ಬರ ಇಳಿತದ ಪಟ್ಟಿಯಲ್ಲಿ ನೀರಿನ ಮಟ್ಟ 1.8 ಮೀಟರಿಗಿಂತ ಕೆಳಗಿದ್ದರೆ ಮಾತ್ರ ದಾಟಬಹುದು. ಹನ್ನೊಂದು ಗಂಟೆಯೊಳಗೆ ದಾಟಿಬಿಡಬೇಕು ಅಂತ ಲೆಕ್ಕ ಹಾಕಿ ಬೆಳಗ್ಗೆ ಆರಕ್ಕೇ ಹೊರಟಿದ್ದೆವು. ಕಾಡಿನಲ್ಲಿ ತಡವಾಯಿತು. ಕಡಲಿಗೆ ಇಳಿದ ಮೇಲೂ ಗುಂಡುಬಂಡೆಗಳ ಮೇಲೆ ಹೆಜ್ಜೆ ನೋಡಿ ನೋಡಿ ಇಡಬೇಕು. ಗೆಳತಿಯ ಕಾಲು ಮಡಚುತ್ತಿರಲಿಲ್ಲ. ಓವನ್ ಪಾಯಿಂಟ್ ಮೂಲೆ ಕಂಡಾಗ ಹನ್ನೆರಡೂವರೆ.

ಗುಹೆಯ ಬಾಯಿ ಅಲ್ಲೇ ಇತ್ತು. ನಡುವೆ ಹೆಚ್ಚೆಂದರೆ ಮೂವತ್ತು ಹೆಜ್ಜೆ. ನೀರು ಕಾಲಿನ ಮೀನಖಂಡದಷ್ಟು.

"ಹೋಗಬಹುದು ಕಣೇ. ಬೇಗ ಬೇಗ ದಾಟಿಬಿಡೋಣ," ಅಂದೆ.

"ಐದು ನಿಮಿಷ ಸುಮ್ನೆ ನಿಂತು ನೋಡೋಣ," ಅಂದಳು ಅವಳು.

ನಿಂತೆವು. ಅಲೆಗಳನ್ನು ಎಣಿಸಿದೆವು. ನಾಲ್ಕು ಸಣ್ಣವು. ಐದನೆಯದೂ ಸಣ್ಣದೇ. ನಾನು ಬ್ಯಾಕ್‌ಪ್ಯಾಕಿನ ಪಟ್ಟಿ ಬಿಗಿ ಮಾಡಿಕೊಂಡೆ. ಆರನೆಯದು ಬಂತು. ಸದ್ದೇ ಇಲ್ಲದೆ, ಒಂದೇ ಸಮನೆ ಏರಿ, ನಾವು ದಾಟಬೇಕಿದ್ದ ಜಾಗವನ್ನೆಲ್ಲ ಸೊಂಟದ ಮಟ್ಟಕ್ಕೆ ತುಂಬಿ, ಗುಹೆಯ ಒಳಗೆ ಹೋಗಿ ಗುಡುಗಿತು. ವಾಪಸ್ ಹೋಗುವಾಗ ಒಂದು ದೊಡ್ಡ ದಿಮ್ಮಿಯನ್ನು ಹುಲ್ಲುಕಡ್ಡಿಯ ಹಾಗೆ ಎಳೆದುಕೊಂಡು ಹೋಯಿತು.

ನನಗೆ ಅಳು ಬಂತು. ಹೆದರಿಕೆಗೆ ಅಲ್ಲ. ಎಷ್ಟು ತಿಂಗಳಿಂದ ಆ ಗುಹೆಗಳ ಫೋಟೊ ನೋಡಿಕೊಂಡು ಬಂದಿದ್ದೆ. ಆಚೆ ಬದಿಯ ಬೆಳಕು ಕೂಡ ಕಾಣುತ್ತಿತ್ತು. ಗೆಳತಿ ನನ್ನ ಮುಖ ನೋಡಿದಳು. ಏನೂ ಹೇಳದೆ ತಿರುಗಿ ನಡೆಯೋಕೆ ಶುರು ಮಾಡಿದಳು. ನಾನೂ ತಿರುಗಿದೆ.

ವಾಪಸ್ ದಾರಿಯಲ್ಲಿ ಕಡಲು ನಮ್ಮ ಜೊತೆಗೇ ಬರುತ್ತಿತ್ತು. ಬೆಳಗ್ಗೆ ನಡೆದ ಹಾಸುಬಂಡೆ ಆಗಲೇ ಒದ್ದೆ. ಇಲ್ಲಿ ಇಳಿತದಿಂದ ಉಬ್ಬರಕ್ಕೆ ನೀರು ಮೂರು ಮೀಟರ್ ಆಸುಪಾಸು ಏರುತ್ತದೆ. ಒಂದು ಕಡೆ ಬಂಡೆಗೋಡೆ, ಹತ್ತೋಕೆ ಆಗದು. ಇನ್ನೊಂದು ಕಡೆ ನೀರು. ಮರಗಳ ಸಾಲನ್ನು ನೋಡುತ್ತಾ ನೋಡುತ್ತಾ ನಡೆದೆ. ಹಸಿರು, ಹಸಿರು, ಬರೀ ಹಸಿರು. ಇಲ್ಲೇ ಎಲ್ಲೋ ಇಳಿದಿದ್ದೆವಲ್ಲ? ಆಗ ಒಂದು ಕಿತ್ತಳೆ ಚುಕ್ಕಿ ಕಂಡಿತು. ಗಾಳಿಗೆ ಅಲ್ಲಾಡುತ್ತಿತ್ತು. ತೇಲುಗುಂಡು. ಯಾರು ಕಟ್ಟಿದರೋ, ಎಂದು ಕಟ್ಟಿದರೋ. ಅದರ ಕೆಳಗೆ ಹಗ್ಗ, ಬೇರುಗಳ ಮೆಟ್ಟಿಲು, ಮೇಲೆ ಕಾಡುದಾರಿ.

ಮೇಲೆ ಹತ್ತಿ ಕೂತಾಗ ಕೆಳಗೆ ನಾವು ಬಂದ ದಾರಿ ಇರಲಿಲ್ಲ. ಇನ್ನು ಮುಂದಿನದೆಲ್ಲ ಕೆಸರು, ಬಿದ್ದ ಮರಗಳು, ಏಣಿ. ಎರಡು ದಿನ ಬೈದಿದ್ದ ಅದೇ ಏಣಿ. ಮೊದಲನೆಯದು ಸಿಕ್ಕಾಗ ನಾನು ಹತ್ತುವ ಮುಂಚೆ ಅದರ ಕಂಬಕ್ಕೆ ಕೈ ಇಟ್ಟೆ. ಗರಗಸದ ಗುರುತು, ದಪ್ಪ ಮೊಳೆ, ಜಾರದಿರಲಿ ಅಂತ ಮೆಟ್ಟಿಲಿಗೆ ಕೊರೆದ ಗೆರೆ. ಈ ಮರವನ್ನು ಯಾರೋ ಇಲ್ಲಿವರೆಗೆ ಹೊತ್ತು ತಂದಿದ್ದಾರೆ. ಚಳಿಗಾಲದ ಬಿರುಗಾಳಿಗೆ ಮುರಿದರೆ ಮತ್ತೆ ಬಂದು ಕಟ್ಟುತ್ತಾರೆ. 1906ರಲ್ಲಿ ಇಂಥ ಒಂದು ದಾರಿ ಇದ್ದಿದ್ದರೆ, ಆ ಹಗ್ಗ ಹಿಡಿಯೋಕೆ ಬಂಡೆಯ ಮೇಲೆ ಹೊತ್ತಿಗೆ ಸರಿಯಾಗಿ ಯಾರೋ ಇರುತ್ತಿದ್ದರು ಅಲ್ವಾ?

ಥ್ರಾಶರ್‌ಗೆ ಇಳಿಯುವ ಕೊನೆಯ ಏಣಿಗಳ ಹತ್ತಿರ ಬರುವಾಗ ಕತ್ತಲಾಗಿತ್ತು. ಕೆಳಗೆ ಯಾರದೋ ಹಣೆಯ ದೀಪ ಕಂಡಿತು. ಟೆಂಟು ಹಾಕಿದ್ದವರಲ್ಲಿ ಒಬ್ಬರು, ವಯಸ್ಸಾದ ಹೆಂಗಸು, ಮೇಲೆ ಸದ್ದು ಕೇಳಿ ಎದ್ದು ಬಂದಿದ್ದರು. ನಾವು ಇಳಿದು ಮುಗಿಯುವವರೆಗೂ ದೀಪವನ್ನು ಮೆಟ್ಟಿಲುಗಳ ಮೇಲೇ ಹಿಡಿದು ನಿಂತರು. ಆಮೇಲೆ ಗೆಳತಿಯ ಹೊರೆಯನ್ನು ತಾವೇ ತೆಗೆದುಕೊಂಡು ಟೆಂಟು ಹಾಕುವ ಜಾಗ ತೋರಿಸಿದರು.

ಮರುದಿನ ಕೊನೆಯ ಐದು ಕಿಲೋಮೀಟರ್, ಏರು ಮತ್ತು ಇಳಿ. ಮಧ್ಯಾಹ್ನದ ಹೊತ್ತಿಗೆ ಗಾರ್ಡನ್ ನದಿಯ ದಡ. ದಾರಿ ಅಲ್ಲಿ ಮುಗಿಯುತ್ತದೆ. ಆಚೆ ದಡಕ್ಕೆ ದೋಣಿಯಲ್ಲಿ ಹೋಗಬೇಕು. ಫೋನು ಮಾಡುವ ಹಾಗಿಲ್ಲ, ಕೂಗಿದರೆ ಕೇಳುವುದಿಲ್ಲ. ಒಂದು ಹಗ್ಗ, ಅದರ ತುದಿಗೆ ತೇಲುಗುಂಡು. ಹಗ್ಗ ಎಳೆದರೆ ಗುಂಡು ಮೇಲಕ್ಕೆ ಏರುತ್ತದೆ. ಆಚೆಯವರು ಅದನ್ನು ನೋಡಿ, ಜನ ಬಂದಿದ್ದಾರೆ ಅಂತ ದೋಣಿ ಕಳಿಸುತ್ತಾರೆ.

"ನೀನೇ ಎಳಿಯೇ," ಅಂದಳು ಗೆಳತಿ.

ಎಳೆದೆ. ತೇಲುಗುಂಡು ಎಲೆಗಳ ನಡುವೆ ತಡವರಿಸಿಕೊಂಡು ಮೇಲೆ ಹೋಗಿ ನಿಂತಿತು. ನಾವಿಬ್ಬರೂ ಆಚೆ ದಡವನ್ನೇ ನೋಡುತ್ತಾ ಕಲ್ಲಿನ ಮೇಲೆ ಕೂತೆವು. ಹತ್ತು ನಿಮಿಷ ಆಗಿರಬಹುದು. ಆಮೇಲೆ ನೀರಿನ ಆಚೆಯಿಂದ ಎಂಜಿನ್ ಶುರುವಾದ ಸದ್ದು ಕೇಳಿತು.